ಅಳಿವೆಯಲ್ಲಿ ದೋಣಿ ಮಗುಚಿದರೆ ಬರುವವರು ಯಾರು?

2021ರ ಜುಲೈ 4, ಭಾನುವಾರ. ಕಾಸರಗೋಡು ಕಸಬಾ ಕಡಪ್ಪುರದ ಮೀನುಗಾರರ ದೋಣಿಯೊಂದು ಕೀಯೂರು ಅಳಿವೆಯಲ್ಲಿ ಅಲೆಗೆ ಸಿಕ್ಕಿ ಮಗುಚಿತು. ಮೂವರು ಯುವಕರು ತೀರಿಕೊಂಡರು. ಚಂದ್ರಗಿರಿ ಹೊಳೆ ಕಡಲು ಸೇರುವ ಜಾಗ ಅದು. ದಡದಲ್ಲಿ ನಿಂತವರ ಕಣ್ಣಿಗೆ ಕಾಣುವಷ್ಟು ಹತ್ತಿರ.

ನಾಲ್ಕು ವರ್ಷ ಕಳೆದು, 2025ರ ಜೂನ್ 9ರಂದು, ವಾನ್ ಹೈ 503 ಎಂಬ ಕಂಟೇನರ್ ಹಡಗಿಗೆ ಕೇರಳ ಕರಾವಳಿಯಿಂದ ಬಹಳ ದೂರದಲ್ಲಿ ಬೆಂಕಿ ಬಿತ್ತು. ಹಡಗಿನಲ್ಲಿದ್ದವರು 22 ಮಂದಿ. ನಾಲ್ವರು ಸಿಗಲಿಲ್ಲ. ಉಳಿದ 18 ಮಂದಿಯನ್ನು ಸಮುದ್ರದಿಂದ ಎತ್ತಿ ಮಂಗಳೂರಿಗೆ ತಂದು ಮುಟ್ಟಿಸಿದರು. ಅದಕ್ಕೂ ಮುಂಚೆ, ಅದೇ ವರ್ಷದ ಮೇ ತಿಂಗಳಲ್ಲಿ, ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೊರಟಿದ್ದ ಸಲಾಮತ್ ಎಂಬ ಮಂಜಿ ಮುಳುಗಿತ್ತು. ಅದರಲ್ಲಿದ್ದ ಆರು ಮಂದಿಯೂ ಬದುಕಿದರು. ಕೋಸ್ಟ್ ಗಾರ್ಡ್‌ನ ವಿಕ್ರಮ್ ಹಡಗು ಅವರನ್ನು ಹತ್ತಿಸಿಕೊಂಡು ಬಂತು.

ಅಂದರೆ ದಡವೇ ಕಾಣದಷ್ಟು ದೂರದಲ್ಲಿ ಆಪತ್ತಾದರೆ ಉಳಿಸುವವರಿದ್ದಾರೆ, ಅದೂ ಚೆನ್ನಾಗಿಯೇ ಉಳಿಸುತ್ತಾರೆ. ಊರಿನ ಜನ ನೋಡುತ್ತಾ ನಿಂತಿರುವ ಜಾಗದಲ್ಲಿ ಆದರೆ ಕಷ್ಟ. ಇದಕ್ಕೆ ಯಾರದ್ದೋ ಉದಾಸೀನ ಕಾರಣ ಅಂತ ಬೈದು ಮುಗಿಸಿಬಿಡಬಹುದು. ಪ್ರತಿ ಅಪಘಾತದ ಮರುದಿನ ನಡೆಯುವುದೂ ಅದೇ. ನನಗೆ ಕಾಣುವ ಕಾರಣ ಬೇರೆ. ನಮ್ಮ ಕಡಲ ರಕ್ಷಣಾ ವ್ಯವಸ್ಥೆಯನ್ನು ಕಟ್ಟಿದ್ದೇ ದೊಡ್ಡ ಕಡಲನ್ನು ಕಣ್ಣಲ್ಲಿಟ್ಟುಕೊಂಡು. ನಮ್ಮವರು ಸಾಯುವುದು ಮಾತ್ರ ಕಡಲಿನ ಹೊಸ್ತಿಲಲ್ಲಿ.

ಕಾಸರಗೋಡನ್ನು ಹನ್ನೆರಡು ಹೊಳೆಗಳ ಜಿಲ್ಲೆ ಅನ್ನುತ್ತಾರೆ. ತಲಪಾಡಿಯಿಂದ ತೃಕ್ಕರಿಪುರದವರೆಗೆ ಹೆಚ್ಚೂಕಮ್ಮಿ 87 ಕಿ.ಮೀ. ಕರಾವಳಿ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ, ಬೇಕಲ, ಚಿತ್ತಾರಿ, ನೀಲೇಶ್ವರ, ಹೀಗೆ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದೊಂದು ಅಳಿವೆ. ಹೊಳೆ ಬಾಯಿಯೇ ದೋಣಿಗೆ ದಾರಿ. ಒಳಗೆ ಹೊಳೆಯಲ್ಲಿ ದೋಣಿ ಕಟ್ಟುತ್ತಾರೆ, ಅಳಿವೆ ದಾಟಿ ಕಡಲಿಗೆ ಹೋಗುತ್ತಾರೆ, ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ಬೇರೆ ದಾರಿ ಇಲ್ಲ.

ಈ ದಾರಿ ಯಾಕೆ ಕೆಟ್ಟದ್ದು ಅಂತ ಅರ್ಥ ಮಾಡಿಕೊಳ್ಳದೆ ಮುಂದಿನದ್ದು ಅರ್ಥವಾಗುವುದಿಲ್ಲ. ಹೊಳೆ ತಂದ ಮರಳು, ಕಡಲು ತಳ್ಳಿದ ಮರಳು ಎರಡೂ ಸೇರಿ ಬಾಯಲ್ಲಿ ದಿಣ್ಣೆ ಕಟ್ಟುತ್ತವೆ. ಅಲ್ಲಿ ಆಳ ಕಡಿಮೆ. ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಭಾಗ ದಾಟಿತು ಅಂದರೆ ಅಲೆ ನಿಲ್ಲಲಾರದೆ ಒಡೆದು ಬೀಳುತ್ತದೆ. ಹೊರಗೆ ನೆಮ್ಮದಿಯಾಗಿ ಉರುಳಿ ಬರುತ್ತಿದ್ದ ಎರಡು ಮೀಟರ್ ಅಲೆ, ಎರಡೂವರೆ ಮೀಟರ್ ಆಳದ ದಿಣ್ಣೆಯ ಮೇಲೆ ಬಂದಾಗ ಗೋಡೆಯಾಗಿ ಎದ್ದು ಕುಸಿಯುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿ ಹೊರಗೆ ನುಗ್ಗುತ್ತಿರುತ್ತದೆ. ಅದಕ್ಕೆ ಇಳಿತದ ನೀರೂ ಸೇರಿದರೆ ಎದುರಿನಿಂದ ಬರುವ ಅಲೆ ಇನ್ನಷ್ಟು ಕಡಿದಾಗುತ್ತದೆ. ದಿಣ್ಣೆ ಒಂದೇ ಕಡೆ ಇರುವುದೂ ಇಲ್ಲ. ನಿನ್ನೆ ದೋಣಿ ಹೋದ ಚಾಲಿನಲ್ಲಿ ಇವತ್ತು ಮರಳಿರಬಹುದು.

ಒಳಬರುವ ದೋಣಿಯನ್ನು ದಡದಿಂದ ನೋಡಿದರೆ ಕೆಲಸ ಎಷ್ಟು ಸೂಕ್ಷ್ಮ ಅಂತ ತಿಳಿಯುತ್ತದೆ. ದೋಣಿ ನಡೆಸುವ ತಂಡೇಲ ಅಲೆ ಒಡೆಯುವ ಜಾಗಕ್ಕಿಂತ ಹೊರಗೆ ಎಂಜಿನ್ ತಗ್ಗಿಸಿ ನಿಲ್ಲುತ್ತಾನೆ. ಅವನ ಕಣ್ಣು ಮುಂದಿಲ್ಲ, ಹಿಂದಿದೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ಸಣ್ಣವು. ದೊಡ್ಡ ಗುಂಪಿನ ಕೊನೆಯ ಅಲೆ ದಾಟಿಹೋದ ಕೂಡಲೇ ಎಂಜಿನ್ ಪೂರ್ತಿ ಏರಿಸಿ ಅದರ ಬೆನ್ನ ಮೇಲೆಯೇ ಒಳಗೆ ಬರಬೇಕು. ಅವಸರ ಮಾಡಿ ಅಲೆಯನ್ನು ದಾಟಿದರೆ ಮೂತಿ ಕೆಳಗೆ ಬಿದ್ದು ನೀರಿಗೆ ಚುಚ್ಚಿಕೊಳ್ಳುತ್ತದೆ. ತಡ ಮಾಡಿದರೆ ಹಿಂದಿನ ಅಲೆ ಬಂದು ಹಿಂಭಾಗವನ್ನು ಎತ್ತುತ್ತದೆ. ಹಿಂಭಾಗ ಎದ್ದಾಗ ಔಟ್‌ಬೋರ್ಡ್ ಎಂಜಿನ್‌ನ ಫ್ಯಾನ್ ಗಾಳಿಯಲ್ಲಿ ತಿರುಗುತ್ತದೆ. ಸದ್ದು ಜೋರು, ತಳ್ಳುವ ಬಲ ಸೊನ್ನೆ. ದೋಣಿ ಅಡ್ಡ ತಿರುಗುತ್ತದೆ. ಮುಂದಿನ ಅಲೆಗೆ ಅಷ್ಟು ಸಾಕು. ಜನ, ಬಲೆ, ಹಗ್ಗ, ಐಸ್ ಪೆಟ್ಟಿಗೆ ಎಲ್ಲ ಒಂದೇ ಸಲ ನೀರಿಗೆ ಬೀಳುತ್ತವೆ. ಈಜು ಬಲ್ಲವರೇ ಆದರೂ ಬಲೆ ಕಾಲಿಗೆ ಸುತ್ತಿಕೊಂಡರೆ ಈಜು ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ಸಿಗುವ ಸಮಯ ನಿಮಿಷಗಳ ಲೆಕ್ಕದ್ದು.

ಹಾಗಾದರೆ ಇಷ್ಟು ಕಾಲದಿಂದ ಕಡಲಿನಲ್ಲೇ ಬದುಕಿದ ಈ ಊರುಗಳಲ್ಲಿ ರಕ್ಷಣಾ ದೋಣಿಯ ನಿಲ್ದಾಣ ಅನ್ನುವುದು ಯಾಕೆ ಹುಟ್ಟಲಿಲ್ಲ? ಉತ್ತರ ನಮ್ಮ ಪಂಚಾಂಗದಲ್ಲೇ ಇದೆ. ಹಿಂದೆ ಮಳೆಗಾಲಕ್ಕೆ ಕಡಲು ಮುಚ್ಚುತ್ತಿತ್ತು. ದೋಣಿ ಮೇಲಕ್ಕೆಳೆದು ಮಡಲು ಹೊದೆಸಿ ಇಡುತ್ತಿದ್ದರು. ಹಾಯಿ ಹಡಗುಗಳೂ ಬಂದರು ಬಿಟ್ಟು ಏಳುತ್ತಿರಲಿಲ್ಲ. ನೂಲ ಹುಣ್ಣಿಮೆಗೆ ಮೊಗವೀರರು ಸಮುದ್ರಪೂಜೆ ಮಾಡಿ, ಹಾಲು ಎರೆದು ತೆಂಗಿನಕಾಯಿ ಬಿಟ್ಟ ಮೇಲೆ ಕಡಲು ತೆರೆದ ಲೆಕ್ಕ. ಅಪಾಯದ ತಿಂಗಳುಗಳಲ್ಲಿ ನೀರಿಗೇ ಇಳಿಯದಿದ್ದರೆ ಉಳಿಸುವ ದೋಣಿ ಯಾಕೆ ಬೇಕು, ಅಲ್ವಾ?

ಆ ಲೆಕ್ಕ ಕೆಟ್ಟದ್ದು ಔಟ್‌ಬೋರ್ಡ್ ಎಂಜಿನ್ ಬಂದ ಮೇಲೆ. 1980ರ ದಶಕದಲ್ಲಿ ಕೇರಳದ ನಾಡದೋಣಿಗಳಿಗೆ ಎಂಜಿನ್ ಏರಿತು. ಹುಟ್ಟು ಹಾಕಿ ದಾಟಲಾಗದ ಅಲೆಯನ್ನು ಎಂಜಿನ್ ದಾಟಿಸುತ್ತದೆ ಅನ್ನುವ ಧೈರ್ಯ ಬಂತು. 1988ರಲ್ಲಿ ಕೇರಳ ಮಳೆಗಾಲದ ಟ್ರಾಲಿಂಗ್ (ದೊಡ್ಡ ಬೋಟುಗಳು ಬಲೆ ಎಳೆದುಕೊಂಡು ಹೋಗಿ ಮೀನು ಹಿಡಿಯುವುದು) ನಿಷೇಧ ಶುರುಮಾಡಿತು. ಈಗ ಅದು ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ನಿಷೇಧ ಇರುವುದು ದೊಡ್ಡ ಬೋಟುಗಳಿಗೆ. ಸಾಂಪ್ರದಾಯಿಕ ದೋಣಿಗಳು ಹೋಗಬಹುದು. ದೊಡ್ಡ ಬೋಟುಗಳ ಪೈಪೋಟಿ ಇಲ್ಲ, ಬೂತಾಯಿ ಬಂಗುಡೆಗೆ ಒಳ್ಳೆ ರೇಟು, ಮನೆಯಲ್ಲಿ ಜೂನ್ ತಿಂಗಳ ಶಾಲೆ ಖರ್ಚು. ಯಾರು ಸುಮ್ನೆ ಕೂರುತ್ತಾರೆ? ಹೀಗೆ ಅಜ್ಜಂದಿರು ಕಡಲಿಗೆ ಬೆನ್ನು ಹಾಕಿ ಕೂರುತ್ತಿದ್ದ ತಿಂಗಳುಗಳಲ್ಲೇ ಇವತ್ತು ಅತಿ ಸಣ್ಣ ದೋಣಿಗಳು ಅತಿ ಕೆಟ್ಟ ಅಳಿವೆ ದಾಟುತ್ತಿವೆ. ಇದು ಮೀನುಗಾರರ ತಪ್ಪು ಅನ್ನುವವರಿಗೆ ನನ್ನ ಹತ್ತಿರ ತಾಳ್ಮೆ ಕಡಿಮೆ.

ಇದೇ ಸಮಸ್ಯೆ ಬೇರೆ ಕಡೆ ಎರಡೂವರೆ ಶತಮಾನದ ಹಿಂದೆ ಎದ್ದಿತ್ತು. ಅಲ್ಲಿ ಏನು ಮಾಡಿದರು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಯಾಕೆಂದರೆ ಅವರೂ ಮೊದಲು ದಾರಿ ತಪ್ಪಿದ್ದರು.

ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿಗೆ ಹೋಗುವ ದಾರಿ ತುಂಬಾ ಮರಳ ದಿಣ್ಣೆ. ಅಟ್ಲಾಂಟಿಕ್ ದಾಟಿ ಬಂದ ಹಡಗು ಬಂದರಿನ ಬಾಗಿಲಲ್ಲಿ ಮರಳಿಗೆ ಸಿಕ್ಕಿ ಒಡೆಯುತ್ತಿತ್ತು. ಅಲ್ಲಿನ ಡಾಕ್ ಮಾಸ್ಟರ್ ವಿಲಿಯಂ ಹಚಿನ್ಸನ್ 1776ರ ಸುಮಾರಿಗೆ ಫಾರ್ಂಬಿ ಎಂಬ ಕಡಲ ತೀರದಲ್ಲಿ ಒಂದು ದೋಣಿಯನ್ನು ಜನ ಉಳಿಸುವ ಕೆಲಸಕ್ಕೆಂದೇ ಮೀಸಲಿಡಿಸಿದ. ಲೋಕದ ಮೊದಲ ಲೈಫ್‌ಬೋಟ್ ನಿಲ್ದಾಣ ಅಂತ ಇತಿಹಾಸಕಾರರು ಹೇಳುವುದು ಇದನ್ನೇ. ನನಗೆ ಇದರಲ್ಲಿ ಮುಖ್ಯ ಅನಿಸುವುದು ಅದರ ಜಾಗ. ಅವನು ನಿಲ್ದಾಣವನ್ನು ಊರೊಳಗಿನ ಡಾಕಿನಲ್ಲಿ ಇಡಲಿಲ್ಲ, ಹಡಗು ಒಡೆಯುವ ದಿಣ್ಣೆಯ ಎದುರಿಗೇ ಇಟ್ಟ. ಖರ್ಚು ನೋಡಿಕೊಂಡದ್ದು ಬಂದರು. ಬಂದರಿಗೆ ಬರುವ ಹಡಗಿನ ಜನರನ್ನು ಉಳಿಸುವುದು ಬಂದರಿನ ಜವಾಬ್ದಾರಿ ಅನ್ನುವ ಸರಳ ತರ್ಕ. 1918ರವರೆಗೆ ಆ ನಿಲ್ದಾಣ ನಡೆಯಿತು.

1789ರಲ್ಲಿ ಟೈನ್ ಹೊಳೆಯ ಬಾಯಲ್ಲಿ ಅಡ್ವೆಂಚರ್ ಎಂಬ ಹಡಗು ಮರಳಿಗೆ ಸಿಕ್ಕಿತು. ದಡದ ತುಂಬಾ ಜನ. ಅವರ ಕಣ್ಣೆದುರೇ ನಾವಿಕರು ಒಬ್ಬೊಬ್ಬರಾಗಿ ನೀರಿಗೆ ಬಿದ್ದು ಸತ್ತರು. ಆ ಅಲೆಗೆ ಇಳಿಯುವ ದೋಣಿ ಯಾರ ಹತ್ತಿರವೂ ಇರಲಿಲ್ಲ. ಅದಾದ ಮೇಲೆ ಸೌತ್ ಶೀಲ್ಡ್ಸ್‌ನ ಜನ ಬಹುಮಾನ ಇಟ್ಟು ವಿನ್ಯಾಸ ಕರೆದರು. ಹೆನ್ರಿ ಗ್ರೇಟ್‌ಹೆಡ್ ಕಟ್ಟಿದ ‘ಒರಿಜಿನಲ್’ 1790ರಲ್ಲಿ ನೀರಿಗಿಳಿಯಿತು. ಹತ್ತು ಹುಟ್ಟಿನ ದೋಣಿ. ಮುಂದೆ ಹಿಂದೆ ಎರಡೂ ಕಡೆ ಒಂದೇ ಆಕಾರ, ಹಾಗಾಗಿ ಅಲೆಯ ನಡುವೆ ತಿರುಗಿಸುವ ತಾಪತ್ರಯ ಇಲ್ಲ. ನೀರು ತುಂಬಿದರೂ ತೇಲಲಿ ಅಂತ ಬದಿಗಳಿಗೆ ಬೆಂಡು ತುಂಬಿದ್ದರು. ಗಮನಿಸಿ, ಅದೂ ಹೊಳೆ ಬಾಯಿಯ ದೋಣಿಯೇ.

1824ರ ಮಾರ್ಚ್ 4ರಂದು ಲಂಡನ್ನಿನಲ್ಲಿ ಇಡೀ ದೇಶಕ್ಕೆ ಒಂದು ಸಂಸ್ಥೆ ಹುಟ್ಟಿತು. ಇವತ್ತಿನ ಹೆಸರು ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್, ಆರ್‌ಎನ್‌ಎಲ್‌ಐ. ಐಲ್ ಆಫ್ ಮ್ಯಾನ್ ದ್ವೀಪದ ಡಗ್ಲಾಸ್ ಊರಲ್ಲಿದ್ದ ವಿಲಿಯಂ ಹಿಲರಿ ಹಿಂದಿನ ವರ್ಷ ಬರೆದ ಮನವಿಯೇ ಅದಕ್ಕೆ ಮೂಲ. ಅವನೇ ಸ್ವತಃ ದೋಣಿ ಹತ್ತಿ ಹೋಗುತ್ತಿದ್ದ. ದೇಣಿಗೆಯಿಂದ ನಡೆಯುವ ಸಂಸ್ಥೆ, ಸ್ವಯಂಸೇವಕರ ಸಿಬ್ಬಂದಿ. 1854ರಿಂದ 1869ರವರೆಗೆ ಸರ್ಕಾರದ ಹಣ ತೆಗೆದುಕೊಂಡಿತ್ತು, ಆಮೇಲೆ ಬಿಟ್ಟಿತು. ಇವತ್ತು 230ಕ್ಕೂ ಹೆಚ್ಚು ನಿಲ್ದಾಣಗಳಿವೆ.

ಕೇಳುವುದಕ್ಕೆ ಚೆಂದ. ಆದರೆ ಈ ಇತಿಹಾಸದ ತುಂಬಾ ರಕ್ಷಿಸಲು ಹೋದವರದ್ದೇ ಸಾವುಗಳಿವೆ. 1861ರ ಫೆಬ್ರವರಿಯಲ್ಲಿ ವಿಟ್‌ಬಿ ಬಂದರಿನ ಲೈಫ್‌ಬೋಟ್ ಮಗುಚಿ 12 ಮಂದಿ ಸತ್ತರು, ಒಬ್ಬ ಮಾತ್ರ ಉಳಿದ. ಅವನ ಹೆಸರು ಹೆನ್ರಿ ಫ್ರೀಮನ್. ಹೊಸ ಮಾದರಿಯ ಬೆಂಡಿನ ಜಾಕೆಟ್ ಹಾಕಿಕೊಂಡಿದ್ದವನು ಅವನೊಬ್ಬನೇ. 1886ರ ಡಿಸೆಂಬರಿನಲ್ಲಿ ಮೆಕ್ಸಿಕೊ ಎಂಬ ಜರ್ಮನ್ ಹಡಗಿನವರನ್ನು ಉಳಿಸಲು ಹೋದ ಎರಡು ದೋಣಿಗಳ 27 ಮಂದಿ ಒಂದೇ ರಾತ್ರಿ ಸತ್ತರು. ಅಷ್ಟು ವಿಧವೆಯರು, ಮಕ್ಕಳ ಬದುಕು ಸಾಗಿಸುವುದು ಹೇಗೆ ಅನ್ನುವ ಪ್ರಶ್ನೆ ಎದ್ದಿತು. ಐದು ವರ್ಷದ ನಂತರ ಮ್ಯಾಂಚೆಸ್ಟರಿನಲ್ಲಿ ಬೀದಿಗಿಳಿದು ಚಂದಾ ಎತ್ತುವ ‘ಲೈಫ್‌ಬೋಟ್ ಶನಿವಾರ’ ಶುರುವಾಯಿತು. ಕಡಲಿನಿಂದ ದೂರ ಇದ್ದ ಹತ್ತಿ ಗಿರಣಿಗಳ ಊರು ಅದು.

ನಮಗೆ ಬೇಕಾದ ಪಾಠ ಮಾತ್ರ ಇನ್ನೂ ಈಚಿನದು. 20ನೇ ಶತಮಾನದಲ್ಲಿ ಹಾಯಿ ಹಡಗು ಹೋಯಿತು, ಹಡಗು ಒಡೆಯುವುದು ಕಡಿಮೆಯಾಯಿತು. ಅದರ ಬದಲು ದಡದ ಪಕ್ಕದಲ್ಲಿ ಸಣ್ಣ ದೋಣಿಗಳವರು, ಈಜುವವರು ಸಾಯುವುದು ಜಾಸ್ತಿಯಾಯಿತು. ಇದ್ದ ದೊಡ್ಡ ಲೈಫ್‌ಬೋಟುಗಳು ಇಂಥ ಕೆಲಸಕ್ಕೆ ನಿಧಾನ. ಹೆಚ್ಚು ನೀರೂ ಬೇಕು, ಹೆಚ್ಚು ಜನವೂ ಬೇಕು. 1963ರಲ್ಲಿ ಆರ್‌ಎನ್‌ಎಲ್‌ಐ ಗಾಳಿ ತುಂಬಿದ ರಬ್ಬರ್ ದೋಣಿಗಳನ್ನು ದಡಕ್ಕೆ ತಂದಿತು. ಇವತ್ತಿನ ಡಿ ಕ್ಲಾಸ್ ದೋಣಿ ಐದು ಮೀಟರ್ ಉದ್ದ, 50 ಕುದುರೆಬಲದ ಒಂದು ಔಟ್‌ಬೋರ್ಡ್, ಮೂರು ನಾಲ್ಕು ಜನ, ಗಂಟೆಗೆ ಸುಮಾರು 46 ಕಿ.ಮೀ. ವೇಗ. ಮಗುಚಿದರೆ ಅದರಲ್ಲಿರುವವರೇ ನೆಟ್ಟಗೆ ಮಾಡಿಕೊಳ್ಳಬಹುದು. ಮೊಣಕಾಲು ನೀರಿನಲ್ಲೂ ಇಳಿಸಬಹುದು. ಬ್ರಿಟನ್ನಿನಷ್ಟು ಹಳೆಯ ವ್ಯವಸ್ಥೆಯೂ ಸಾವು ಎಲ್ಲಿ ಆಗುತ್ತಿದೆ ಅಂತ ನೋಡಿ ದೋಣಿ ಬದಲಿಸಿತು. ಆ ಕೆಲಸವನ್ನು ನಾವಿನ್ನೂ ಮಾಡಿಲ್ಲ.

ಈಗ ನಮ್ಮಲ್ಲಿ ಏನೇನಿದೆ ನೋಡೋಣ. ಇಲ್ಲ ಅನ್ನುವಂತಿಲ್ಲ, ಬೇಕಾದಷ್ಟಿದೆ.

ಭಾರತದ ಪಾಲಿನ ಸಮುದ್ರದಲ್ಲಿ ಹುಡುಕಾಟ ಮತ್ತು ರಕ್ಷಣೆಯ ಹೊಣೆ ಕೋಸ್ಟ್ ಗಾರ್ಡ್‌ನದ್ದು. ಸಹಾಯವಾಣಿ 1554. ಕಾಸರಗೋಡಿಗೆ ಹತ್ತಿರದ ದೊಡ್ಡ ನೆಲೆ ಗಡಿಯಾಚೆ ಮಂಗಳೂರಿನ ಪಣಂಬೂರು. ಅಲ್ಲಿಂದ ಕೀಯೂರಿಗೆ ಸಮುದ್ರ ಮಾರ್ಗದಲ್ಲಿ 50 ಕಿ.ಮೀ. ಆಸುಪಾಸು, ನೀಲೇಶ್ವರದ ಅಳಿತ್ತಲಕ್ಕೆ 80. ಅತಿ ವೇಗದ ಹಡಗು ಆ ಕ್ಷಣವೇ ಹೊರಟರೂ ಅರ್ಧ ಗಂಟೆಗಿಂತ ಜಾಸ್ತಿಯೇ ಬೇಕು. ಬಂದರೂ ಅಳಿವೆಯ ದಿಣ್ಣೆಯ ಮೇಲೆ ಬರಲಾರದು, ತಳ ತಾಗುತ್ತದೆ. ಹೊರಗೆ ನಿಂತು ರಬ್ಬರ್ ದೋಣಿ ಇಳಿಸಬೇಕು. ಕೋಸ್ಟ್ ಗಾರ್ಡ್ ಅನ್ನು ಕಟ್ಟಿದ್ದು ಈ ಕೆಲಸಕ್ಕಲ್ಲ, ಹಾಗಾಗಿ ಇದು ದೂರೂ ಅಲ್ಲ.

ಕರಾವಳಿ ಪೊಲೀಸರು ಇದ್ದಾರೆ. ಜಿಲ್ಲೆಯಲ್ಲಿ ಶಿರಿಯ, ಬೇಕಲ, ಅಳಿತ್ತಲದಲ್ಲಿ ಠಾಣೆಗಳಿವೆ. ಸಹಾಯವಾಣಿ 1093. ಆದರೆ ಕರಾವಳಿ ಭದ್ರತಾ ಯೋಜನೆ 2005ರಲ್ಲಿ ಶುರುವಾಗಿ, 2008ರ ಮುಂಬೈ ದಾಳಿಯ ನಂತರ ವೇಗ ಪಡೆದದ್ದು. ಅದರ ಉದ್ದೇಶ ಕಾವಲು. ಅದಕ್ಕೆ ಕೊಟ್ಟ 5 ಟನ್, 12 ಟನ್ನಿನ ಇಂಟರ್‌ಸೆಪ್ಟರ್ ಬೋಟುಗಳು ಬೆನ್ನಟ್ಟಲು ಒಳ್ಳೆಯವು. ಒಡೆಯುವ ಅಲೆಯೊಳಗೆ ಹೊಕ್ಕು ನೀರಿನಲ್ಲಿರುವವರನ್ನು ಎಳೆದುಕೊಳ್ಳಲು ತಗ್ಗಿದ ಬದಿಯ ಸಣ್ಣ ದೋಣಿ ಬೇಕು. ರಿಪೇರಿಗೆ ಹೋದ ಬೋಟು, ಓಡಿಸುವವರ ಕೊರತೆ, ಇವನ್ನು ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳು ಹಲವು ರಾಜ್ಯಗಳ ವಿಷಯದಲ್ಲಿ ಹೇಳುತ್ತಲೇ ಬಂದಿವೆ.

ಓಖಿ ಚಂಡಮಾರುತ 2017ರ ನವೆಂಬರ್ ಕೊನೆಯಲ್ಲಿ ದಕ್ಷಿಣ ಕೇರಳದ ಮೀನುಗಾರರನ್ನು ಬಲಿ ತೆಗೆದುಕೊಂಡ ಮೇಲೆ ರಾಜ್ಯ ಸರ್ಕಾರ ಮರೀನ್ ಆಂಬುಲೆನ್ಸ್ ಕಟ್ಟಿಸಿತು. ಪ್ರತೀಕ್ಷಾ, ಪ್ರತ್ಯಾಶಾ, ಕಾರುಣ್ಯ ಅಂತ ಮೂರು ಹಡಗುಗಳು, ಕೊಚ್ಚಿ ಶಿಪ್‌ಯಾರ್ಡ್‌ನಲ್ಲಿ ತಯಾರಾಗಿ 2020ರಲ್ಲಿ ಬಂದವು. ತಲಾ ಆರು ಕೋಟಿ ರೂಪಾಯಿಗಿಂತ ಸ್ವಲ್ಪ ಹೆಚ್ಚು. 23 ಮೀಟರ್ ಉದ್ದ, ಹತ್ತು ಜನರಿಗೆ ಚಿಕಿತ್ಸೆ ಕೊಡುವ ಸೌಲಭ್ಯ, 14 ನಾಟ್ (ಗಂಟೆಗೆ ಸುಮಾರು 26 ಕಿ.ಮೀ.) ವೇಗ. ಹಂಚಿದಾಗ ಉತ್ತರಕ್ಕೆ ಸಿಕ್ಕಿದ್ದು ಒಂದು, ಅದೂ ಕೋಝಿಕ್ಕೋಡ್ ಹತ್ತಿರದ ಬೇಪೂರಿಗೆ. ಬೇಪೂರಿನಿಂದ ಕಾಸರಗೋಡಿಗೆ ಆ ವೇಗದಲ್ಲಿ ಬರಲು ಆರು ಗಂಟೆಗಿಂತ ಜಾಸ್ತಿ ಬೇಕು. ಕಣ್ಣೂರು, ಕಾಸರಗೋಡು ಎರಡೂ ಜಿಲ್ಲೆಗೆ ಅದೇ ಒಂದು ಅಂದರೆ, ನಕ್ಷೆಯಲ್ಲಿ ಇದೆ ಅಂತ ಸಮಾಧಾನ ಪಡಬಹುದು ಅಷ್ಟೆ.

ಇನ್ನು ಉಪಕರಣ. ಇಸ್ರೊ ಮಾಡಿಕೊಟ್ಟ ಡಿಸ್ಟ್ರೆಸ್ ಅಲರ್ಟ್ ಟ್ರಾನ್ಸ್‌ಮಿಟರ್ 2010ರಿಂದ ಇದೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಕೋಸ್ಟ್ ಗಾರ್ಡ್ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ. 2024ರಲ್ಲಿ ಬಂದ ಎರಡನೇ ಪೀಳಿಗೆಯದ್ದರಲ್ಲಿ ಸುದ್ದಿ ತಲುಪಿತು ಅಂತ ಉತ್ತರವೂ ಬರುತ್ತದೆ. ಆಳ ಸಮುದ್ರದಲ್ಲಿ ಎಂಜಿನ್ ಕೆಟ್ಟು ತೇಲುತ್ತಿರುವವರಿಗೆ ಇದು ದೇವರ ಹಾಗೆ. ಅಳಿವೆಯಲ್ಲಿ? ಮಗುಚುವುದು ಮೂರು ಸೆಕೆಂಡಿನಲ್ಲಿ. ಗುಂಡಿ ಒತ್ತುವವನೇ ನೀರೊಳಗಿರುತ್ತಾನೆ. ಅಲ್ಲಿ ಸುದ್ದಿಗೆ ಕೊರತೆ ಇರುವುದಿಲ್ಲ, ದಡದಲ್ಲಿರುವ ಐವತ್ತು ಜನ ನೋಡಿರುತ್ತಾರೆ. ಕೊರತೆ ಇರುವುದು ದೋಣಿಗೆ.

ಮುನ್ನೆಚ್ಚರಿಕೆಯೂ ಈಗ ಒಳ್ಳೆಯದೇ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರ, ಕಳ್ಳಕ್ಕಡಲ್ ಎಲ್ಲ ಮೊದಲೇ ಹೇಳುತ್ತದೆ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆ ನಾಲ್ಕೈದು ದಿನ ಬಿಟ್ಟು ಗಾಳಿಯೇ ಇಲ್ಲದೆ ನಮ್ಮ ತೀರಕ್ಕೆ ಬಂದು ಬಡಿಯುವುದೇ ಕಳ್ಳಕ್ಕಡಲ್. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಎಷ್ಟೋ ಹಿರಿಯ ಮೀನುಗಾರರು ತುಳು, ಕನ್ನಡದವರು. ಅಧಿಕೃತ ಎಚ್ಚರಿಕೆ ಅವರಿಗೆ ಮಲಯಾಳದಲ್ಲಿ ಬರುತ್ತದೆ, ಅಥವಾ ಮಗ ಓದಿ ಹೇಳಿದರೆ ಗೊತ್ತಾಗುತ್ತದೆ. ಜಿಲ್ಲೆಯ ಕನ್ನಡಿಗರಿಗೆ ಕನ್ನಡದಲ್ಲಿ ಸರ್ಕಾರಿ ಸೂಚನೆ ಸಿಗಬೇಕು ಅನ್ನುವುದು ಹೊಸ ಬೇಡಿಕೆ ಏನಲ್ಲ. ರೇಷನ್ ಕಾರ್ಡಿಗೆ ಸಿಗದಿದ್ದರೆ ಓಡಾಟ ಜಾಸ್ತಿಯಾಗುತ್ತದೆ, ಅಲೆಯ ಎಚ್ಚರಿಕೆಗೆ ಸಿಗದಿದ್ದರೆ ನಷ್ಟ ಬೇರೆ ತರದ್ದು.

ಇದೆಲ್ಲದರ ನಡುವೆ ನಿಲ್ದಾಣ ಅನ್ನುವುದಕ್ಕೆ ತುಂಬಾ ಹತ್ತಿರ ಬಂದಿರುವ ಒಂದು ವ್ಯವಸ್ಥೆ ಕೇರಳದಲ್ಲಿ ಆಗಲೇ ಇದೆ. ಟ್ರಾಲಿಂಗ್ ನಿಷೇಧದ ಹೊತ್ತಿಗೆ ಮೀನುಗಾರಿಕಾ ಇಲಾಖೆ ಬಂದರುಗಳಲ್ಲಿ ರಕ್ಷಣಾ ಬೋಟು ಇಡುತ್ತದೆ. ಸ್ಥಳೀಯ ಮೀನುಗಾರ ಯುವಕರನ್ನೇ ಕಡಲ ರಕ್ಷಣಾ ಗಾರ್ಡುಗಳಾಗಿ ತೆಗೆದುಕೊಳ್ಳುತ್ತದೆ. ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಅವರಿಗೆ ತರಬೇತಿ ಆಗುತ್ತದೆ. ಇದು ಸರಿಯಾದ ಜಾಗದಿಂದ ಸರಿಯಾದ ಜನರನ್ನು ಆರಿಸುವ ಕ್ರಮ. 2024ರ ಅಕ್ಟೋಬರಿನಲ್ಲಿ ಮೂವತ್ತಕ್ಕೂ ಹೆಚ್ಚು ಜನರಿದ್ದ ದೋಣಿ ಅಳಿತ್ತಲದ ಹತ್ತಿರ ಮಗುಚಿತು. ಸಾವು ತಪ್ಪಲಿಲ್ಲ, ಆದರೆ ಬಹುತೇಕರು ಬದುಕಿದರು. ಅಕ್ಟೋಬರ್ ಅಂದರೆ ಟ್ರಾಲಿಂಗ್ ನಿಷೇಧ ಮುಗಿದು ಎರಡು ತಿಂಗಳು ಕಳೆದ ಕಾಲ. ಅಪಾಯಕ್ಕೆ 52 ದಿನದ ಲೆಕ್ಕ ಇಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನಿಜ ಹೇಳಬೇಕೆಂದರೆ ಅಳಿವೆಯಲ್ಲಿ ಇವತ್ತಿಗೂ ಮೊದಲು ತಲುಪುವುದು ಪಕ್ಕದ ದೋಣಿ. ಯಾರೂ ಕರೆಯದೆ ಬಲೆ ಕತ್ತರಿಸಿ ಬಿಟ್ಟು ಬರುತ್ತಾರೆ. 2018ರ ನೆರೆಯಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿ ಒಳನಾಡಿಗೆ ಹೋಗಿ ಸುಮಾರು 65 ಸಾವಿರ ಜನರನ್ನು ಉಳಿಸಿದ್ದನ್ನು ದೇಶವೇ ನೋಡಿತು. ಆಗ ಸರ್ಕಾರ ದೋಣಿಗೆ ದಿನಕ್ಕೆ 3,000 ರೂಪಾಯಿ ಮತ್ತು ಇಂಧನ ಘೋಷಿಸಿತು. ಊರು ಮುಳುಗಿದಾಗ ಲೆಕ್ಕ ಇಟ್ಟವರು, ವರ್ಷವಿಡೀ ಅಳಿವೆಯಲ್ಲಿ ನಡೆಯುವ ಇದೇ ಕೆಲಸಕ್ಕೆ ಲೆಕ್ಕ ಇಟ್ಟಿಲ್ಲ. ಕತ್ತರಿಸಿದ ಬಲೆ ಯಾರ ಖರ್ಚು? ಆ ದಿನದ ಮೀನು ಹೋಯಿತಲ್ಲ? ಇನ್ನೊಬ್ಬರನ್ನು ಉಳಿಸಲು ಹೋಗಿ ತಾನೇ ಸತ್ತರೆ ಅದನ್ನು ಕರ್ತವ್ಯದ ಸಾವು ಅನ್ನುವುದಾ, ಮೀನುಗಾರಿಕೆಯ ಅಪಘಾತ ಅನ್ನುವುದಾ? ಬ್ರಿಟನ್ನಿನಲ್ಲಿ ಸ್ವಯಂಸೇವಕರಿಗೂ ಹಿಂದೆ ದೋಣಿ ಇಳಿಸಿದ ಪ್ರತಿ ಸಲಕ್ಕೆ ಸ್ವಲ್ಪ ಹಣ ಕೊಡುತ್ತಿದ್ದರು. ಪುಕ್ಕಟೆ ಸೇವೆ ಅನ್ನುವ ಹೊಗಳಿಕೆಯಿಂದ ಅಲ್ಲೂ ಹೊಟ್ಟೆ ತುಂಬಿರಲಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ, ಅದು ತೆಗೆದುಹಾಕುವಂಥದ್ದಲ್ಲ. ದೇಣಿಗೆ, ಸ್ವಯಂಸೇವೆಯ ಆ ಮಾದರಿ ಇಲ್ಲಿ ನಡೆಯುವುದಿಲ್ಲ ಅಂತ. ಒಪ್ಪುತ್ತೇನೆ. ಬೆಳಗಿನ ಜಾವ ಮೀನಿಗೆ ಹೋಗುವವನು ಮಧ್ಯಾಹ್ನ ಪುಕ್ಕಟೆ ಕಾವಲು ಕೂರಲಾರ. ಹಾಗಂತ ಪೂರ್ತಿ ಸರ್ಕಾರಿ ನೌಕರಿ ಮಾಡಿದರೆ ವರ್ಗಾವಣೆ, ರಜೆ, ಖಾಲಿ ಹುದ್ದೆ ಎಲ್ಲ ಶುರು. ಆ ಅಳಿವೆಯ ಮರಳು ಗೊತ್ತಿಲ್ಲದವನು ಬಂದು ಕೂರುತ್ತಾನೆ. ನಡುವಿನ ದಾರಿ ಈಗಿರುವ ಗಾರ್ಡುಗಳದ್ದೇ. ಅವರನ್ನು ವರ್ಷವಿಡೀ ಇಟ್ಟುಕೊಳ್ಳುವುದು, ಸಂಬಳವೂ ವಿಮೆಯೂ ಕೊಡುವುದು, ಪಾಳಿ ಊರಿನವರೇ ಹಾಕಿಕೊಳ್ಳುವುದು. ಊರಿಗೆ ಆ ಶಕ್ತಿ ಇಲ್ಲದೇ ಇಲ್ಲ. ಕಸಬಾ, ಕೀಯೂರು, ಬೇಕಲದ ಕಡೆ ಭಗವತಿ ಕ್ಷೇತ್ರಗಳ ಸ್ಥಾನಿಕರು ಕೂತು ಮೀನುಗಾರಿಕೆಯ ತಗಾದೆ ತೀರಿಸುವ ಕಡಕ್ಕೋಡಿ ಎಂಬ ಕಡಲ ನ್ಯಾಯಕೂಟ ಇವತ್ತಿಗೂ ಇದೆ. ಮಂಜೇಶ್ವರದ ಕಡೆ ಮೊಗವೀರರ ಗ್ರಾಮಸಭೆಗಳಿವೆ. ಯಾವ ದಿನ ಯಾವ ಬಲೆ ಇಳಿಸಬೇಕು ಅಂತ ತೀರ್ಮಾನಿಸುವವರಿಗೆ ಯಾವ ದಿನ ಯಾರು ಕಾವಲು ಅಂತ ತೀರ್ಮಾನಿಸುವುದು ಕಷ್ಟವಾಗಲಾರದು.

ದೋಣಿಯ ವಿಷಯಕ್ಕೆ ಬಂದರೆ ದೊಡ್ಡದರ ಆಸೆ ಬಿಡಬೇಕು. ನಮ್ಮಲ್ಲಿ ಏನೇ ಕೇಳಿದರೂ ಉದ್ಘಾಟನೆಗೆ ಚೆಂದ ಕಾಣುವಂಥದ್ದೇ ಮಂಜೂರಾಗುತ್ತದೆ. ಅಳಿವೆಗೆ ಬೇಕಾದದ್ದು ಗಟ್ಟಿ ತಳದ, ಬದಿಗೆ ಗಾಳಿ ತುಂಬಿದ ಸಣ್ಣ ದೋಣಿ. ಒಂದು ಕೆಟ್ಟರೆ ಇನ್ನೊಂದು ಅಂತ ಎರಡು ಎಂಜಿನ್. ಫ್ಯಾನಿನ ಸುತ್ತ ಜಾಲರಿ ಇರಲೇಬೇಕು, ಯಾಕೆಂದರೆ ಕೆಲಸ ಇರುವುದು ಬಲೆಯ ನಡುವೆ, ನೀರಿನಲ್ಲಿರುವ ಜನರ ನಡುವೆ. ಜೊತೆಗೆ ಬಲೆ ಕತ್ತರಿಸುವ ಚಾಕು. ನೀರಿನಲ್ಲಿ ಕಟ್ಟಿ ಇಟ್ಟರೆ ಒಂದು ಮಳೆಗಾಲಕ್ಕೆ ಹಾಳು. ಶೆಡ್ಡಿನೊಳಗೆ ಗಾಲಿಯ ಮೇಲೆ ಇರಬೇಕು, ಟ್ರ್ಯಾಕ್ಟರ್ ಎಳೆದು ನೀರಿಗೆ ಬಿಡಬೇಕು. 1920ರ ದಶಕದಲ್ಲೇ ಬ್ರಿಟನ್ನಿನ ನಿಲ್ದಾಣಗಳು ಕುದುರೆ ಬಿಟ್ಟು ಟ್ರ್ಯಾಕ್ಟರ್ ಹಿಡಿದಿದ್ದವು. ಗದ್ದೆಗಿಳಿಯುವ ಟ್ರ್ಯಾಕ್ಟರ್ ನಮ್ಮ ಯಾವ ಊರಲ್ಲಿಲ್ಲ? ಒಂದು ಮರೀನ್ ಆಂಬುಲೆನ್ಸಿನ ಆರು ಕೋಟಿಯಲ್ಲಿ ಇಂಥ ಎಷ್ಟು ಶೆಡ್ಡು, ದೋಣಿ ಬರುತ್ತವೆ ಅಂತ ಟೆಂಡರ್ ಕರೆದರೆ ಗೊತ್ತಾದೀತು. ಒಂದಕ್ಕಿಂತ ಬಹಳ ಜಾಸ್ತಿ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಜಾಕೆಟ್ಟಿನ ಮಾತು ಬಿಡುವ ಹಾಗಿಲ್ಲ. ನಿಯಮದ ಪ್ರಕಾರ ಪ್ರತಿ ದೋಣಿಯಲ್ಲೂ ಇರಬೇಕು, ಇರುತ್ತದೆ ಕೂಡ, ಗೋಣಿಚೀಲದೊಳಗೆ. ಸೆಕೆಯಲ್ಲಿ ದಪ್ಪ ಜಾಕೆಟ್ ಹಾಕಿಕೊಂಡು ಬಲೆ ಎಳೆಯಲಾಗುವುದಿಲ್ಲ ಅನ್ನುವುದು ಸುಳ್ಳಲ್ಲ. ಆದರೆ ಅಳಿವೆ ದಾಟುವ ಹತ್ತು ನಿಮಿಷ ಯಾರೂ ಬಲೆ ಎಳೆಯುವುದಿಲ್ಲ. ಹೊರಗೆ ತೆಗೆದಿಟ್ಟುಕೊಳ್ಳಿ, ಅಳಿವೆಗೆ ಮುಂಚೆ ಹಾಕಿಕೊಳ್ಳಿ ಅನ್ನುವಷ್ಟೇ ನಿಯಮ ಮಾಡಿದರೆ ಪಾಲಿಸುವವರು ಜಾಸ್ತಿಯಾಗಬಹುದು. ಇಡೀ ದಿನ ಹಾಕಿಕೊಳ್ಳಿ ಅನ್ನುವ ನಿಯಮವನ್ನು ಯಾರೂ ಪಾಲಿಸುವುದಿಲ್ಲ, ದಂಡ ಹಾಕುವವರಿಗೂ ಅದು ಗೊತ್ತು.

ಈಗ ಇದನ್ನೆಲ್ಲ ಎತ್ತುವುದಕ್ಕೆ ಕಾರಣ ಇದೆ. ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕಾಸರಗೋಡು ಮೀನುಗಾರಿಕಾ ಬಂದರಿನ ವಿಸ್ತರಣೆಗೆ ಸುಮಾರು 70 ಕೋಟಿ ರೂಪಾಯಿ ಮಂಜೂರಾಗಿದೆ. ಅಲೆ ತಡೆಗೋಡೆ ಉದ್ದವಾದರೆ ಚಂದ್ರಗಿರಿಯ ಬಾಯಿ ಸ್ವಲ್ಪ ಶಾಂತವಾಗಬಹುದು. ಆದರೆ ಗೋಡೆ ಮರಳನ್ನು ಮಾಯ ಮಾಡುವುದಿಲ್ಲ, ಜಾಗ ಬದಲಿಸುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಹೊಸ ದಿಣ್ಣೆ ಎಲ್ಲಿ ಕಟ್ಟಿಕೊಳ್ಳುತ್ತದೆ ಅಂತ ನೋಡಬೇಕಾಗುತ್ತದೆ. ಅಲ್ಲಿಯವರೆಗೆ ದಾರಿ ಗೊತ್ತಿದ್ದ ತಂಡೇಲರಿಗೂ ಅದು ಹೊಸ ಅಳಿವೆಯೇ. ಬಂದರಿನ ನಕ್ಷೆಯಲ್ಲಿ ಹರಾಜು ಹಾಲು, ಜೆಟ್ಟಿ, ಪಾರ್ಕಿಂಗ್ ಎಲ್ಲಕ್ಕೂ ಜಾಗ ಇರುತ್ತದೆ. ನೀರಿಗೆ ಇಳಿಯುವ ಒಂದು ಇಳಿಜಾರು ಮತ್ತು ಅದರ ತಲೆಯಲ್ಲಿ ಒಂದು ಶೆಡ್ಡಿಗೆ ಈಗಲೇ ಜಾಗ ಗುರುತಿಸಬೇಕು. ಕಾಂಕ್ರೀಟ್ ಬಿದ್ದ ಮೇಲೆ ಕೇಳಿದರೆ ಜಾಗ ಇಲ್ಲ ಅನ್ನುವ ಉತ್ತರ ಸಿದ್ಧವಿರುತ್ತದೆ.

ಮೊದಲನೆಯದು ಕೀಯೂರಿಗೆ ಬಂದರೆ ಎರಡನೆಯದು ಅಳಿತ್ತಲಕ್ಕೆ ಹೋಗಬೇಕು. ಚೆರ್ವತ್ತೂರಿನ ಮಡಕ್ಕರ ಬಂದರಿನ ದೋಣಿಗಳ ದಾರಿಯೂ ಆ ಕಡೆಯೇ, ಪಣಂಬೂರು ಅಲ್ಲಿಂದ ಅತಿ ದೂರ. ಮಂಜೇಶ್ವರಕ್ಕೆ 2020ರಲ್ಲಿ ಹೊಸ ಬಂದರು ಬಂದಿದೆ, ಪಣಂಬೂರು 25 ಕಿ.ಮೀ. ಅಷ್ಟೆ. ನಾನು ಈ ಉತ್ತರದ ಕಡೆಯವನೇ ಆದರೂ, ಮೂರನೆಯದಕ್ಕೆ ನಾವು ಕಾಯಬಹುದು.